ಆಯುರ್ವೇದವೋ, ಹೋಮಿಯೋಪತಿಯೋ, ಯೋಗವೋ? ಮೊದಲು ಕಾಯಿಲೆ ಯಾವುದು ಹೇಳಿ

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮೆಡಿಕಲ್ ಅಂಗಡಿಗೆ ಕನ್ನಡದವರು ಬಂದರೆ ಮಾತ್ರೆ ಕಟ್ಟಿಸಿಕೊಂಡು ಸುಮ್ನೆ ಹೋಗುವುದಿಲ್ಲ. ಕೌಂಟರ್ ಮೇಲೆ ಮೊಣಕೈ ಊರಿ ಒಂದು ಪ್ರಶ್ನೆ ಕೇಳೇ ಕೇಳುತ್ತಾರೆ. "ಇದರ ಬದಲು ಆಯುರ್ವೇದ ನಡೆಯುತ್ತಾ?" "ಹೋಮಿಯೋಪತಿಯಲ್ಲಿ ಸೈಡ್ ಎಫೆಕ್ಟ್ ಇಲ್ವಂತಲ್ಲ?" "ಊರಿಂದ ಮದ್ದು ತರಿಸಲಾ?"

ಪದ್ಧತಿಯ ಹೆಸರು ಹಿಡಿದು ಹೋಲಿಸಲು ಕೂತರೆ ಎಲ್ಲೂ ಮುಟ್ಟುವುದಿಲ್ಲ. ಆಯುರ್ವೇದವನ್ನೇ ತಗೊಳ್ಳಿ. ಅದರಲ್ಲಿ ಆಪರೇಷನ್ ಜೊತೆ ಪೈಪೋಟಿಗಿಳಿದು ಗೆದ್ದ ಚಿಕಿತ್ಸೆಯೂ ಇದೆ, ಲಿವರ್ ಕೆಡಿಸಿದ ದಾಖಲೆ ಇರುವ ಕಷಾಯವೂ ಇದೆ. ಅದಕ್ಕೇ ನಾನು ಕೇಳುವುದು ಎರಡೇ. ಕಾಯಿಲೆ ಯಾವುದು? ಈಗ ತಗೊಳ್ಳುತ್ತಿರುವ ಔಷಧಿಯ ಜೊತೆಗೆ ಬೇಕಾ, ಅಥವಾ ಅದನ್ನು ಬಿಟ್ಟು ಬೇಕಾ? ಎರಡನೆಯ ಪ್ರಶ್ನೆಗೆ "ಬಿಟ್ಟು" ಅಂದರೆ ನನ್ನ ಕಿವಿ ನೆಟ್ಟಗಾಗುತ್ತದೆ.

ಸೊಂಟ ಮತ್ತು ಮಂಡಿ

ಡೊಂಬಿವಲಿಯಿಂದ ಮುಂಬೈಯ ಸಿಎಸ್‌ಎಂಟಿ ಸ್ಟೇಷನ್ನಿಗೆ ಒಂದು ಗಂಟೆಗೂ ಜಾಸ್ತಿ ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಹೋಗುವವರಿಗೆ ಸೊಂಟನೋವು ಇಲ್ಲದಿದ್ದರೇ ಆಶ್ಚರ್ಯ. ಇಲ್ಲಿ ಮಾತ್ರೆಗಿಂತ ಬೇರೆ ದಾರಿಗಳಿಗೇ ಮೊದಲ ಮಣೆ. ಅಮೆರಿಕದ ಫಿಸಿಷಿಯನ್ಸ್ ಕಾಲೇಜು 2017ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಬಹಳ ದಿನದ ಸೊಂಟನೋವಿಗೆ ವ್ಯಾಯಾಮ, ಯೋಗ, ಅಕ್ಯುಪಂಕ್ಚರ್ ಇಂಥವನ್ನು ಮೊದಲು ಮಾಡಿ, ಮಾತ್ರೆ ಆಮೇಲೆ ಎಂದಿದೆ.

ಯೋಗ ಮತ್ತು ಅಕ್ಯುಪಂಕ್ಚರ್ ನಡುವೆ ಆರಿಸುವುದಾದರೆ ನನ್ನ ಓಟು ಯೋಗಕ್ಕೆ. ಅಕ್ಯುಪಂಕ್ಚರ್‌ನಿಂದ ನೋವು ಕಡಿಮೆಯಾಗುವುದು ನಿಜ. ಆದರೆ ಸೂಜಿಯನ್ನು ಸರಿಯಾದ ಬಿಂದುವಿಗೆ ಚುಚ್ಚಿದಾಗಲೂ, ಸುಮ್ನೆ ಎಲ್ಲೋ ಚುಚ್ಚಿದಾಗಲೂ, ಚುಚ್ಚಿದ ಹಾಗೆ ನಟಿಸಿದಾಗಲೂ ಸಿಗುವ ಆರಾಮದಲ್ಲಿ ವ್ಯತ್ಯಾಸ ಬಹಳ ಚಿಕ್ಕದು. ದುಡ್ಡು ಕೊಟ್ಟಷ್ಟು ದಿನ ಆರಾಮ. ಯೋಗ ಒಮ್ಮೆ ಕಲಿತರೆ ಮನೆಯ ಚಾಪೆ ಸಾಕು. ಹಾಗಂತ ಅಕ್ಯುಪಂಕ್ಚರ್ ಮಾಡಿಸಿಕೊಳ್ಳುವವರನ್ನು ನಾನು ತಡೆಯುವುದಿಲ್ಲ. ಸೂಜಿ ಹೊಸದಾ, ಒಮ್ಮೆ ಬಳಸಿ ಬಿಸಾಡುವುದಾ, ಪ್ಯಾಕೆಟ್ ನಿಮ್ಮ ಎದುರಿಗೇ ಒಡೆಯುತ್ತಾರಾ ನೋಡಿಕೊಳ್ಳಿ. ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ.

ಪುಣೆಯಲ್ಲಿರುವವರು ಯೋಗದ ವಿಷಯದಲ್ಲಿ ಪುಣ್ಯವಂತರು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರರು 1937ರಲ್ಲಿ ಪುಣೆಗೆ ಬಂದು ಅಲ್ಲೇ ನೆಲೆ ನಿಂತರು. ಮಾಡೆಲ್ ಕಾಲೊನಿಯ ಅವರ ಸಂಸ್ಥೆ 1975ರಿಂದ ನಡೆಯುತ್ತಿದೆ. ಅವರ ಪದ್ಧತಿಯ ವಿಶೇಷವೇನೆಂದರೆ ಮರದ ಇಟ್ಟಿಗೆ, ಬೆಲ್ಟು, ಕುರ್ಚಿ, ಗೋಡೆಗೆ ಕಟ್ಟಿದ ಹಗ್ಗ. ಬಗ್ಗಿ ಕಾಲ್ಬೆರಳು ಮುಟ್ಟಲಾಗದ 65ರ ಅಜ್ಜಿಯೂ ಇಟ್ಟಿಗೆ ಮೇಲೆ ಕೈಯಿಟ್ಟು ಆಸನ ಮಾಡಬಹುದು. ಮಂಡಿ, ಸೊಂಟ ಹಿಡಿದವರಿಗೆ ಅದು ಹೇಳಿ ಮಾಡಿಸಿದ ಹಾಗಿದೆ. ಆದರೆ ಗ್ಲಾಕೋಮಾ, ಅಂದರೆ ಕಣ್ಣಿನ ಒತ್ತಡದ ಕಾಯಿಲೆ, ಇದ್ದವರು ಶೀರ್ಷಾಸನದ ಆಸೆ ಬಿಡಿ. ತಲೆಕೆಳಗಾದಾಗ ಕಣ್ಣಿನ ಒತ್ತಡ ಸುಮಾರು ಎರಡು ಪಟ್ಟಾಗುತ್ತದೆ. ಮೂಳೆ ಸವೆದವರು ಬೆನ್ನು ಬಾಗಿಸಿ ಜೋರಾಗಿ ಮುಂದಕ್ಕೆ ಬಗ್ಗಬಾರದು. ಕಾಲಿನ ಶಕ್ತಿ ಹೋಗುತ್ತಿದ್ದರೆ, ತೊಡೆಯ ಸಂದು ಮರಗಟ್ಟಿದರೆ, ಮೂತ್ರದ ಮೇಲೆ ಹಿಡಿತ ತಪ್ಪಿದರೆ ಯೋಗವೂ ಬೇಡ, ಎಣ್ಣೆಯೂ ಬೇಡ. ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಿ.

ಮಂಡಿ ಸವೆತಕ್ಕೆ ಆಯುರ್ವೇದವನ್ನು ಗಂಭೀರವಾಗಿ ಪರೀಕ್ಷಿಸಿದ್ದು ಪುಣೆಯ ಸಂಧಿವಾತ ತಜ್ಞರ ತಂಡವೇ. ಅವರ ನೇತೃತ್ವದಲ್ಲಿ 440 ರೋಗಿಗಳ ಮೇಲೆ 24 ವಾರ ನಡೆದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಯಾರಿಗೆ ಯಾವ ಗುಳಿಗೆ ಅಂತ ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. ಶುಂಠಿ, ಅಮೃತಬಳ್ಳಿ, ನೆಲ್ಲಿಕಾಯಿ, ಶಲ್ಲಕಿ ಗುಗ್ಗುಳ ಇಂಥವು ಸೇರಿದ ಗುಳಿಗೆಗಳು ನೋವು ತಗ್ಗಿಸುವುದರಲ್ಲಿ ಗ್ಲುಕೋಸಮಿನ್, ಸೆಲಿಕಾಕ್ಸಿಬ್ ಎಂಬ ಮಂಡಿನೋವಿನ ಇಂಗ್ಲಿಷ್ ಔಷಧಿಗಳಿಗೆ ಸರಿಸಮ ನಿಂತವು. ಅದೇ ವರದಿಯಲ್ಲಿ ಇನ್ನೊಂದು ಸಾಲೂ ಇದೆ. ಆಯುರ್ವೇದ ತಗೊಂಡ ಕೆಲವರ ಲಿವರ್ ಪರೀಕ್ಷೆಯಲ್ಲಿ ಎಸ್‌ಜಿಪಿಟಿ, ಅಂದರೆ ಲಿವರ್‌ಗೆ ಪೆಟ್ಟು ಬಿದ್ದರೆ ರಕ್ತದಲ್ಲಿ ಹೆಚ್ಚುವ ಅಂಶ, ಏರಿತ್ತು. ಅವರಿಗೆ ಮೈಮೇಲೆ ಏನೂ ಗೊತ್ತಾಗಿರಲಿಲ್ಲ, ರಕ್ತ ಪರೀಕ್ಷೆ ಮಾಡಿದ್ದಕ್ಕೆ ಸಿಕ್ಕಿತು. ಆದ್ದರಿಂದ ಮಂಡಿಗೆ ತಿಂಗಳುಗಟ್ಟಲೆ ಇಂಥ ಗುಳಿಗೆ ನುಂಗುವವರು ನಡುವೆ ಒಂದು ಸಲ ಲಿವರ್ ಟೆಸ್ಟ್ ಮಾಡಿಸಿ.

ಮೇಲಿಂದ ಹಚ್ಚುವ ತೈಲಕ್ಕೆ ನನ್ನ ತಕರಾರಿಲ್ಲ. ಒಂದೇ ಮಾತು: ಒಂದು ಕಾಲಿನ ಮೀನಖಂಡ ಮಾತ್ರ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ತಿಕ್ಕಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಅದು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು.

ಭಗಂದರ: ಆಯುರ್ವೇದದ ಕೈ ಮೇಲಾದ ಜಾಗ

ನಾಚಿಕೆಯಿಂದ ಯಾರೂ ಜೋರಾಗಿ ಕೇಳದ ಕಾಯಿಲೆ ಇದು. ಗುದದ್ವಾರದ ಪಕ್ಕ ಸಣ್ಣ ತೂತಾಗಿ ಕೀವು ಸೋರುವುದು. ಆಪರೇಷನ್ ಆದ ಮೇಲೂ ಮತ್ತೆ ಬರುವುದು ಇದರ ಕೆಟ್ಟ ಗುಣ.

ಇದಕ್ಕೆ ಕ್ಷಾರಸೂತ್ರ ಎಂಬ ಚಿಕಿತ್ಸೆ ಇದೆ. ಲಿನನ್ ದಾರಕ್ಕೆ 11 ಸಲ ಕಳ್ಳಿಹಾಲು ಬಳಿದು ಒಣಗಿಸುತ್ತಾರೆ. ನಂತರ 7 ಸಲ ಕಳ್ಳಿಹಾಲಿನ ಜೊತೆ ಉತ್ತರಾಣಿ ಗಿಡದ ಕ್ಷಾರ, ಕೊನೆಗೆ 3 ಸಲ ಅರಿಶಿನ. ಒಟ್ಟು 21 ಲೇಪ. ಹಿತ್ತಲಲ್ಲಿ ಬಟ್ಟೆಗೆ ಅಂಟಿಕೊಳ್ಳುವ ಆ ಉತ್ತರಾಣಿಯೇ. ಈ ದಾರವನ್ನು ತೂತಿನ ಒಳಗಿಂದ ಹಾಯಿಸಿ ಕಟ್ಟುತ್ತಾರೆ. ವಾರಕ್ಕೊಮ್ಮೆ ಹೊಸ ದಾರ. ದಾರ ನಿಧಾನಕ್ಕೆ ಕೊಯ್ಯುತ್ತಾ ಬರುತ್ತದೆ, ಹಿಂದಿನಿಂದ ಗಾಯ ಕೂಡುತ್ತಾ ಬರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಇದನ್ನು ಹಲವು ಆಸ್ಪತ್ರೆಗಳಲ್ಲಿ ಆಪರೇಷನ್ ಜೊತೆ ಹೋಲಿಸಿ ನೋಡಿ 1991ರಲ್ಲಿ ಫಲಿತಾಂಶ ಪ್ರಕಟಿಸಿತು. ವಾಸಿಯಾಗಲು ದಾರಕ್ಕೆ ಸುಮಾರು 8 ವಾರ, ಆಪರೇಷನ್‌ಗೆ 4. ಆದರೆ ಕಾಯಿಲೆ ಮರುಕಳಿಸಿದ್ದು ದಾರದವರಲ್ಲಿ ನೂರಕ್ಕೆ 4, ಆಪರೇಷನ್ ಆದವರಲ್ಲಿ ನೂರಕ್ಕೆ 11. ಬೇಗ ಕೆಲಸಕ್ಕೆ ಹೋಗಬೇಕಾ, ಮತ್ತೆ ಬರಬಾರದಾ? ಆಯ್ಕೆ ಇರುವುದು ಅಲ್ಲಿ.

ಆದರೆ ಯಾರು ಮಾಡುತ್ತಾರೆ ಎಂಬುದೇ ಮುಖ್ಯ. ಲೋಕಲ್ ರೈಲಿನ ಡಬ್ಬಿಯಲ್ಲಿ ಚೀಟಿ ಅಂಟಿಸುವವರ ಹತ್ತಿರ ಹೋಗಬೇಡಿ. ಆಯುರ್ವೇದದಲ್ಲಿ ಶಲ್ಯತಂತ್ರ, ಅಂದರೆ ಶಸ್ತ್ರಚಿಕಿತ್ಸೆ, ವಿಷಯದಲ್ಲಿ ಎಂಎಸ್ ಮಾಡಿದವರನ್ನು ಹುಡುಕಿ. ಮುಂಬೈಯಲ್ಲಾದರೆ ವರ್ಲಿಯ ಪೋದಾರ್ ಸರಕಾರಿ ಆಯುರ್ವೇದ ಆಸ್ಪತ್ರೆ, ಪುಣೆಯಲ್ಲಾದರೆ ರಾಸ್ತಾ ಪೇಠೆಯ ತಿಲಕ್ ಆಯುರ್ವೇದ ಕಾಲೇಜಿನ ಆಸ್ಪತ್ರೆ, ಗೋವಾದಲ್ಲಾದರೆ 2022ರಲ್ಲಿ ಪೆರ್ನೆಂ ತಾಲ್ಲೂಕಿನ ಧಾರಗಳದಲ್ಲಿ ಶುರುವಾದ ಅಖಿಲ ಭಾರತ ಆಯುರ್ವೇದ ಸಂಸ್ಥೆಯಲ್ಲಿ ವಿಚಾರಿಸಬಹುದು. ಕರುಳಿನ ಕ್ಷಯ, ಕರುಳು ಉರಿದು ಹುಣ್ಣಾಗುವ ಕ್ರೋನ್ಸ್ ಕಾಯಿಲೆಯಿಂದಲೂ ಇಂಥ ತೂತು ಬರುತ್ತದೆ. ಅದನ್ನು ಪರೀಕ್ಷೆ ಮಾಡದೆ ದಾರ ಕಟ್ಟಲು ಬಿಡಬೇಡಿ.

ಮಲಬದ್ಧತೆಯ ಮಾತೂ ಇಲ್ಲೇ ಮುಗಿಸಿಬಿಡೋಣ. ಇಸಬ್‌ಗೋಲ್ ಒಳ್ಳೆಯದು. ನೀರು ಜಾಸ್ತಿ ಕುಡಿಯಿರಿ. ಸೋನಾಮುಖಿ ಸೇರಿದ ಚೂರ್ಣ ಕೆಲಸ ಮಾಡುತ್ತದೆ, ಆದರೆ ದಿನಾ ಬೇಡ.

ಶುಗರ್, ಬಿಪಿ

ಕೌಂಟರ್‌ನಲ್ಲಿ ನನಗೆ ಭಯ ಹುಟ್ಟಿಸುವ ವಿಷಯ ಇದು. ಥಾಣೆಯ ಒಂದು ಹೋಟೆಲಿನಲ್ಲಿ ಕ್ಯಾಶಿಯರ್ ಆಗಿ ನಿವೃತ್ತರಾದ ಕರಾವಳಿಯ ಹಿರಿಯರೊಬ್ಬರು ನಮ್ಮ ಖಾಯಂ ಗಿರಾಕಿ. ಒಂದು ದಿನ ಚೀಲದಿಂದ ಪ್ಲಾಸ್ಟಿಕ್ ಕವರ್ ತೆಗೆದರು. ಒಳಗೆ ಕಂದು ಪುಡಿ, ಬಾಯಿಗೆ ರಬ್ಬರ್ ಬ್ಯಾಂಡ್. ಹೆಸರಿಲ್ಲ, ತಾರೀಕಿಲ್ಲ. "ಊರಿನ ಪಂಡಿತರದ್ದು ಮಾರಾಯ್ರೇ, ಬರೀ ಬೇರು-ನಾರು. ಇದರಲ್ಲಿ ಎಂತ ಸೈಡ್ ಎಫೆಕ್ಟ್?" ಡಾಕ್ಟರು ಕೊಟ್ಟ, ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆಯನ್ನೂ ನುಂಗುತ್ತಿದ್ದರು. ಸಂಜೆ ಹೊತ್ತಿಗೆ ಕೈ ನಡುಗಿ, ಬೆವರು ಕಿತ್ತು ಬರುತ್ತದೆ ಎಂದೂ ಸೇರಿಸಿದರು. ಅದು ಶುಗರ್ ಇಳಿಯುವ ಲಕ್ಷಣ. "ರಾಯರೇ, ಈ ಪುಡಿ ಹಿಡಿದುಕೊಂಡೇ ನಿಮ್ಮ ಡಾಕ್ಟರ ಹತ್ತಿರ ಹೋಗಿ" ಎಂದೆ. ಪುಡಿ ನಿಂತಿತು, ನಡುಕವೂ ನಿಂತಿತು.

ಆ ಪುಡಿಯಲ್ಲಿ ಏನಿತ್ತೋ ದೇವರಿಗೇ ಗೊತ್ತು. ಆದರೆ ಶುಗರ್‌ಗೆ ಗಿಡಮೂಲಿಕೆ ಅಂತ ಮಾರುವ ಗುಳಿಗೆಗಳಲ್ಲಿ ಗ್ಲಿಬೆನ್‌ಕ್ಲಮೈಡ್, ಮೆಟ್‌ಫಾರ್ಮಿನ್ ಎಂಬ ಶುಗರ್‌ನ ಇಂಗ್ಲಿಷ್ ಔಷಧಿ ಬೆರೆಸಿದ್ದು ಹಲವು ದೇಶಗಳಲ್ಲಿ ಸಿಕ್ಕಿಬಿದ್ದಿದೆ. ಉಬ್ಬಸ, ಕೀಲುನೋವಿನ ಪುಡಿಗಳಲ್ಲಿ ಸ್ಟಿರಾಯ್ಡ್. ಎರಡೇ ದಿನದಲ್ಲಿ ಪವಾಡ ಆದರೆ ಅನುಮಾನ ಪಡಿ. ಸ್ಟಿರಾಯ್ಡ್ ತಿಂಗಳುಗಟ್ಟಲೆ ತಿಂದರೆ ಮುಖ ಊದುತ್ತದೆ, ಶುಗರ್ ಏರುತ್ತದೆ. ಗೊತ್ತಾದ ಕೂಡಲೇ ದಿಢೀರ್ ಅಂತ ನಿಲ್ಲಿಸಿದರೂ ಅಪಾಯ, ಡಾಕ್ಟರ್ ಹೇಳಿದ ಹಾಗೆ ಇಳಿಸುತ್ತಾ ಬರಬೇಕು.

ಮೆಂತ್ಯ, ಹಾಗಲಕಾಯಿ ಶುಗರ್ ಸ್ವಲ್ಪ ಇಳಿಸುತ್ತವೆ. ಪಲ್ಯ, ಗೊಜ್ಜು ಧಾರಾಳವಾಗಿ ತಿನ್ನಿ. ಮಾತ್ರೆಯ ಜಾಗ ತುಂಬುವ ಶಕ್ತಿ ಅವಕ್ಕಿಲ್ಲ. ಚಿಕ್ಕ ವಯಸ್ಸಿನಲ್ಲೇ ಬರುವ ಟೈಪ್ 1ರಲ್ಲಿ ಇನ್ಸುಲಿನ್ ಬಿಡಿಸುವವರು ಯಾರೇ ಆಗಿರಲಿ, ಅಲ್ಲಿಂದ ಎದ್ದು ಬನ್ನಿ.

ಬಿಪಿಗೆ ಬಂದರೆ ಮುಂಬೈಯದೇ ಒಂದು ಕಥೆ ಇದೆ. ಇಲ್ಲಿನ ಹೃದ್ರೋಗ ತಜ್ಞ ಡಾ. ರುಸ್ತುಂ ಜಾಲ್ ವಕೀಲ್ ನಮ್ಮ ಸರ್ಪಗಂಧದ ಬೇರನ್ನು ಬಿಪಿ ರೋಗಿಗಳಿಗೆ ಕೊಟ್ಟು, ಅಳೆದು, ಬರೆದು 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಜಗತ್ತೇ ತಿರುಗಿ ನೋಡಿತು. 1952ರಲ್ಲಿ ಆ ಬೇರಿನಿಂದ ರಿಸರ್ಪಿನ್ ಎಂಬ ಸತ್ವ ಬೇರ್ಪಡಿಸಿದರು, ಅದು ಮಾತ್ರೆಯಾಯಿತು. ಬಿಪಿ ಇಳಿಯಿತು. ಕೆಲವರಿಗೆ ಮನಸ್ಸು ಕುಗ್ಗಿ ಖಿನ್ನತೆಯೂ ಬಂತು. ಕೊನೆಗೆ ಅದಕ್ಕಿಂತ ಒಳ್ಳೆಯ ಮಾತ್ರೆಗಳು ಬಂದು ಅದನ್ನು ಮೂಲೆಗೆ ತಳ್ಳಿದವು. ಗಿಡದ್ದು ಅಂದರೆ ಶಕ್ತಿಯಿಲ್ಲ ಎನ್ನುವವರಿಗೂ, ಗಿಡದ್ದು ಅಂದರೆ ಅಪಾಯವಿಲ್ಲ ಎನ್ನುವವರಿಗೂ ನಾನು ಈ ಬೇರನ್ನೇ ತೋರಿಸುವುದು. ಇಂದಿಗೂ ಬಿಪಿಯ ಕೆಲವು ಆಯುರ್ವೇದ ಗುಳಿಗೆಗಳಲ್ಲಿ ಸರ್ಪಗಂಧ ಇರುತ್ತದೆ. ಈಗಿನ ಮಾತ್ರೆಯ ಮೇಲೆ ಅದನ್ನೂ ನುಂಗಿದರೆ ಬಿಪಿ ಅತಿಯಾಗಿ ಇಳಿಯಬಹುದು. ಕೆಮ್ಮಿಗೆ ಅಂತ ಜ್ಯೇಷ್ಠಮಧು ಜಗಿಯುವ ಬಿಪಿಯವರಿಗೆ ಇದರ ಉಲ್ಟಾ: ಅದು ಬಿಪಿ ಏರಿಸುತ್ತದೆ, ಪೊಟ್ಯಾಶಿಯಂ ಇಳಿಸುತ್ತದೆ.

ಊರಿನ ಮದ್ದು: ಕಾಮಾಲೆ, ಸರ್ಪಸುತ್ತು

ಜಾಂಡೀಸ್ ಅಂದ ಕೂಡಲೇ ಮುಂಬೈಯ ನಮ್ಮವರು ಊರಿಗೆ ಟಿಕೆಟ್ ಮಾಡಿಸುತ್ತಾರೆ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಸೊಪ್ಪಿನ ರಸ, ಪಥ್ಯಕ್ಕೆ ಗಂಜಿ. ಎರಡು-ಮೂರು ವಾರದಲ್ಲಿ ಕಣ್ಣು ಬೆಳ್ಳಗಾಗುತ್ತದೆ. ನೀರಿನಿಂದ ಬರುವ ಹೆಪಟೈಟಿಸ್ ಎ ಸಾಮಾನ್ಯವಾಗಿ ತಾನಾಗೇ ವಾಸಿಯಾಗುವ ಕಾಯಿಲೆ. ಹೆಸರು ಮದ್ದಿಗೆ ಹೋಗುತ್ತದೆ. ತೊಂದರೆ ಏನೆಂದರೆ ಹೆಪಟೈಟಿಸ್ ಬಿ, ಪಿತ್ತನಾಳದ ಕಲ್ಲು, ಗಡ್ಡೆ, ಕುಡಿತ ಎಲ್ಲದರಲ್ಲೂ ಕಣ್ಣು ಹಳದಿಯಾಗುತ್ತದೆ. ರಸ ಕುಡಿಯುವ ಮುಂಚೆ ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಆಗಲಿ. ಸೋತ ಲಿವರ್‌ಗೆ ಗೊತ್ತಿಲ್ಲದ ಸೊಪ್ಪಿನ ರಸ ಬೇಡ ಎಂಬುದು ನನ್ನ ಅಭಿಪ್ರಾಯ.

ಅಮೃತಬಳ್ಳಿಯ ವಿಷಯ ನೆನಪಿದೆಯಾ? ಕೊರೊನಾ ಕಾಲದಲ್ಲಿ ಎಲ್ಲರ ಮನೆಯಲ್ಲೂ ಅದರ ಕಷಾಯ ಕುದಿಯಿತು. 2020ರ ಕೊನೆಯಲ್ಲಿ ಮುಂಬೈಯ ಲಿವರ್ ತಜ್ಞರು ಅದನ್ನು ಕುಡಿದು ಲಿವರ್ ಕೆಟ್ಟ 6 ಜನರನ್ನು ನೋಡಿ, 2021ರಲ್ಲಿ ವರದಿ ಬರೆದರು. ಅದು ಬೇರೆ ಜಾತಿಯ ಬಳ್ಳಿ ಇರಬಹುದು ಎಂದು ಆಯುರ್ವೇದ, ಹೋಮಿಯೋಪತಿಯಂಥ ಪದ್ಧತಿಗಳನ್ನು ನೋಡಿಕೊಳ್ಳುವ ಆಯುಷ್ ಸಚಿವಾಲಯ ಆಕ್ಷೇಪಿಸಿತು. ಮರುವರ್ಷ ದೇಶದ 13 ಕಡೆಗಳಿಂದ ಇಂಥ 43 ರೋಗಿಗಳ ವರದಿ ಬಂತು. ಕುಡಿದವರ ಸಂಖ್ಯೆಗೆ ಹೋಲಿಸಿದರೆ ಇದು ಅಪರೂಪವೇ. ಆದರೆ ಥೈರಾಯ್ಡ್, ಲೂಪಸ್‌ನಂಥ, ದೇಹವೇ ದೇಹದ ಮೇಲೆ ತಿರುಗಿ ಬೀಳುವ ಕಾಯಿಲೆ ಇದ್ದವರು ದೂರ ಇರುವುದು ಕ್ಷೇಮ.

ಸರ್ಪಸುತ್ತಿಗೆ ಕೆಮ್ಮಣ್ಣು ಹಚ್ಚಿಸಿ ಮಂತ್ರ ಹಾಕಿಸುವವರು ಗೋವಾದ ವಾಸ್ಕೋದಲ್ಲೂ ಸಿಗುತ್ತಾರೆ, ಕಲ್ಯಾಣದಲ್ಲೂ ಸಿಗುತ್ತಾರೆ. ವೈರಸ್ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾದರೆ ಹೆಚ್ಚು ಉಪಯೋಗ. ಮಂತ್ರ ಬೇಕಾದರೆ ಆಮೇಲೆ ಹಾಕಿಸಿ, ಮೊದಲು ಮಾತ್ರೆ. ಗುಳ್ಳೆ ಹಣೆ, ಮೂಗಿನ ಹತ್ತಿರ ಬಂದರೆ ಕಣ್ಣಿನ ಡಾಕ್ಟರನ್ನು ಅವತ್ತೇ ನೋಡಿ.

ಬಿಳಿ ಸಕ್ಕರೆ ಗುಳಿಗೆ

ಮಹಾರಾಷ್ಟ್ರದಲ್ಲಿ ಹೋಮಿಯೋಪತಿಗೆ ಭಕ್ತರು ಬಹಳ. ಬೈಸಿಕೊಳ್ಳುತ್ತೇನೆ ಅಂತ ಗೊತ್ತಿದ್ದೂ ಹೇಳುತ್ತೇನೆ. ಜರ್ಮನಿಯ ಹಾನೆಮನ್ 1796ರಲ್ಲಿ ಶುರು ಮಾಡಿದ ಈ ಪದ್ಧತಿಯಲ್ಲಿ 30 ಪೊಟೆನ್ಸಿ ಅಂದರೆ ಮೂಲ ವಸ್ತುವನ್ನು ನೂರಕ್ಕೊಂದು ಪಾಲಿನಂತೆ 30 ಸಲ ತೆಳು ಮಾಡುವುದು. 1ರ ಮುಂದೆ 60 ಸೊನ್ನೆಯಷ್ಟು ತೆಳು. 12ನೇ ಸಲ ದಾಟುವಷ್ಟರಲ್ಲೇ ಮೂಲ ವಸ್ತುವಿನ ಒಂದು ಅಣುವೂ ಉಳಿಯುವ ಭರವಸೆ ಇಲ್ಲ. ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಸಂಶೋಧನಾ ಮಂಡಳಿ ಲಭ್ಯವಿದ್ದ ಅಧ್ಯಯನಗಳನ್ನು ಜಾಲಾಡಿ 2015ರಲ್ಲಿ, ಯಾವ ಕಾಯಿಲೆಗೂ ಇದು ಕೆಲಸ ಮಾಡುತ್ತದೆ ಎನ್ನಲು ನಂಬುವಂಥ ಪುರಾವೆ ಇಲ್ಲ ಎಂದಿತು. 2017ರಲ್ಲಿ ಇಂಗ್ಲೆಂಡಿನ ಸರಕಾರಿ ಆರೋಗ್ಯ ಸೇವೆ ಇದನ್ನು ಬರೆದುಕೊಡುವುದು ನಿಲ್ಲಿಸಿ ಎಂದಿತು.

ಮತ್ತೆ ಜನಕ್ಕೆ ವಾಸಿ ಹೇಗಾಗುತ್ತದೆ? ಮಗುವಿನ ನೆಗಡಿ ವಾರದಲ್ಲಿ ಹೇಗೂ ಹೋಗುತ್ತದೆ. ಚರ್ಮದ ಅಲರ್ಜಿ ಬಂದು ಹೋಗಿ ಮಾಡುತ್ತದೆ. ಮೇಲಾಗಿ ಹೋಮಿಯೋಪತಿ ಡಾಕ್ಟರು ಕೂರಿಸಿ ಮುಕ್ಕಾಲು ಗಂಟೆ ಮಾತಾಡಿಸುತ್ತಾರೆ. ಬೇರೆ ಕಡೆ ಐದು ನಿಮಿಷ ಸಿಕ್ಕರೆ ದೊಡ್ಡದು, ಅಲ್ವಾ? ಆ ಮಾತಿಗೆ ಬೆಲೆ ಇದೆ, ನಾನು ಅಲ್ಲಗಳೆಯುವುದಿಲ್ಲ. ಸಣ್ಣಪುಟ್ಟ, ತಾನಾಗೇ ಹೋಗುವ ತೊಂದರೆಗೆ ತಗೊಂಡರೆ ಕಳೆದುಕೊಳ್ಳುವುದು ದುಡ್ಡು ಮಾತ್ರ. ಮಗುವಿನ ಉಬ್ಬಸ, ನ್ಯುಮೋನಿಯಾ, ಲಸಿಕೆ ಇವುಗಳ ಜಾಗದಲ್ಲಿ ಬೇಡವೇ ಬೇಡ. ತೆಳು ಮಾಡುವ ಮುಂಚಿನ ಮೂಲ ದ್ರವವಾದ "ಮದರ್ ಟಿಂಕ್ಚರ್" ಮಾತ್ರ ಬೇರೆ ಲೆಕ್ಕ. ಅದರಲ್ಲಿ ಗಿಡದ ಸತ್ವ, ಆಲ್ಕೋಹಾಲ್ ಎರಡೂ ನಿಜವಾಗಿಯೇ ಇರುತ್ತವೆ.

ಇನ್ನೊಂದು. ಒಂದು ವರ್ಷದ ಫಾರ್ಮಕಾಲಜಿ ಕೋರ್ಸ್ ಮಾಡಿದ ಹೋಮಿಯೋಪತಿ ಡಾಕ್ಟರುಗಳು ಇಂಗ್ಲಿಷ್ ಔಷಧಿ ಬರೆಯಲು ದಾರಿ ಮಾಡಿಕೊಡುವ ತಿದ್ದುಪಡಿಯನ್ನು ಮಹಾರಾಷ್ಟ್ರ 2014ರಲ್ಲಿ ತಂದಿತು. ಅದರ ಜಗಳ ಕೋರ್ಟ್ ಮೆಟ್ಟಿಲು ಹತ್ತಿದೆ. ನಿಮಗೆ ಬೇಕಾದ್ದು ಇಷ್ಟು: ಕ್ಲಿನಿಕ್ಕಿನಲ್ಲಿ ಪೊಟ್ಟಣ ಕಟ್ಟಿ ಕೊಟ್ಟರೆ "ಇದು ಯಾವ ಮಾತ್ರೆ, ಹೆಸರು ಬರೆದುಕೊಡಿ" ಅನ್ನಿ.

ನಿದ್ದೆ, ತೂಕ, ಮಸಾಜು

ನಿದ್ದೆಗೆ, ಟೆನ್ಷನ್‌ಗೆ ಪ್ರಾಣಾಯಾಮ, ಧ್ಯಾನ ಮೊದಲು. ಸಾಂತಾಕ್ರೂಜ್‌ನ ಯೋಗ ಇನ್‌ಸ್ಟಿಟ್ಯೂಟ್ 1918ರದ್ದು, ಲೋನಾವಳದ ಕೈವಲ್ಯಧಾಮ 1924ರದ್ದು. ಎರಡೂ ಕಡೆ ಕಲಿಸುತ್ತಾರೆ. ಅಶ್ವಗಂಧಕ್ಕೆ ಚಿಕ್ಕ ಚಿಕ್ಕ ಅಧ್ಯಯನಗಳ ಬೆಂಬಲ ಇದೆ. ಬಸುರಿಯರಿಗೆ ಬೇಡ. ಥೈರಾಯ್ಡ್ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳಿ. ಅಪರೂಪಕ್ಕೆ ಲಿವರ್‌ಗೂ ತೊಂದರೆ ಕೊಟ್ಟಿದೆ.

ತೂಕ ಇಳಿಸಲು ಪ್ರಕೃತಿ ಚಿಕಿತ್ಸೆಗೆ ಹೋಗುವುದಾದರೆ ಪುಣೆ ಹತ್ತಿರ ಉರುಳಿ ಕಾಂಚನದಲ್ಲಿ 1946ರಲ್ಲಿ ಗಾಂಧೀಜಿ ಶುರು ಮಾಡಿದ ಆಶ್ರಮವಿದೆ. ಊಟ, ನಡಿಗೆ, ನಿದ್ದೆಯ ಶಿಸ್ತು ಕಲಿಯಲು ಒಳ್ಳೆ ದಾರಿ. ಆದರೆ ಇನ್ಸುಲಿನ್ ತಗೊಳ್ಳುವವರು, ಕಿಡ್ನಿ ತೊಂದರೆ ಇದ್ದವರು ಉಪವಾಸ ಹಿಡಿಯುವ ಮುಂಚೆ ತಮ್ಮ ಡಾಕ್ಟರ ಹತ್ತಿರ ಡೋಸ್ ಮಾತಾಡಬೇಕು. ಮೂಗಿನೊಳಗೆ ನೀರು ಹಾಯಿಸಿ ತೊಳೆಯುವ ಜಲನೇತಿಗೆ ಕುದಿಸಿ ಆರಿಸಿದ ನೀರೇ ಆಗಬೇಕು. ನಲ್ಲಿ ನೀರನ್ನು ಮೂಗಿಗೆ ಹಾಕಿಕೊಂಡು ಮೆದುಳಿಗೆ ಅಮೀಬಾ ಹೊಕ್ಕು 2011ರಲ್ಲಿ ಅಮೆರಿಕದ ಲೂಸಿಯಾನದಲ್ಲಿ ಇಬ್ಬರು ಸತ್ತಿದ್ದಾರೆ.

ಗೋವಾದ ಬೀಚಿನಲ್ಲಿ "ಆಯುರ್ವೇದಿಕ್ ಮಸಾಜ್" ಬೋರ್ಡು ನೋಡಿದರೆ ಅದನ್ನು ಮಸಾಜ್ ಅಂತಲೇ ತಿಳಿಯಿರಿ. ಹಿತವಾಗಿರುತ್ತದೆ. ಪಂಚಕರ್ಮ ಅಂದರೆ ವಾಂತಿ, ಭೇದಿ, ಬಸ್ತಿ (ಎನಿಮಾ) ಮಾಡಿಸುವ ದಿನಗಟ್ಟಲೆಯ ಚಿಕಿತ್ಸೆ. ಹೃದಯ, ಕಿಡ್ನಿ ರೋಗಿಗಳಿಗೆ ಅದರಿಂದ ಮೈಯ ನೀರು, ಲವಣ ಏರುಪೇರಾಗಬಹುದು.

ಕ್ಯಾನ್ಸರ್

ಇಲ್ಲಿ ಹೋಲಿಕೆಯೇ ಇಲ್ಲ. ಗುಣವಾಗಬಲ್ಲ ಕ್ಯಾನ್ಸರಿಗೆ ಬರೀ ಪರ್ಯಾಯ ಚಿಕಿತ್ಸೆ ಹಿಡಿದ 281 ಜನರನ್ನು ಅಮೆರಿಕದಲ್ಲಿ ಗಮನಿಸಿ 2018ರಲ್ಲಿ ವರದಿ ಮಾಡಿದರು. ಅವರು ಸಾಯುವ ಸಾಧ್ಯತೆ ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಎರಡೂವರೆ ಪಟ್ಟು. ಸ್ತನ ಕ್ಯಾನ್ಸರಿನಲ್ಲಿ 5 ಪಟ್ಟಿಗೂ ಹೆಚ್ಚು. ಕೀಮೋ ಜೊತೆಗೆ ವಾಕರಿಕೆಗೆ ಅಕ್ಯುಪಂಕ್ಚರ್, ಸುಸ್ತಿಗೆ ಯೋಗ ಆಗಬಹುದು. ಗುಳಿಗೆ, ಕಷಾಯ ಮಾತ್ರ ಕ್ಯಾನ್ಸರ್ ಡಾಕ್ಟರಿಗೆ ಹೇಳದೆ ಬೇಡ.

ಡಬ್ಬಿ ತಿರುಗಿಸಿ ಓದಿ

ಲೈಸೆನ್ಸ್ ನಂಬರ್, ಬ್ಯಾಚ್, ತಯಾರಿ ಮತ್ತು ಮುಗಿಯುವ ತಾರೀಕು, ಒಳಗಿನ ವಸ್ತುಗಳ ಪಟ್ಟಿ ಇರಲೇಬೇಕು. ಕಾನೂನು ವಿಷದ ಪಟ್ಟಿಗೆ ಸೇರಿಸಿದ ವಸ್ತುವಿದ್ದರೆ ವೈದ್ಯರ ಮೇಲ್ವಿಚಾರಣೆಯಲ್ಲೇ ತಗೊಳ್ಳಿ ಎಂಬ ಎಚ್ಚರಿಕೆ ಇಂಗ್ಲಿಷ್, ಹಿಂದಿಯಲ್ಲಿ ಅಚ್ಚಾಗಿರುತ್ತದೆ. ಹೆಸರಿನಲ್ಲಿ ಭಸ್ಮ, ರಸ, ಸಿಂಧೂರ ಕಂಡರೆ ಲೋಹ ಇದೆ ಎಂದುಕೊಳ್ಳಿ. ಇಂಟರ್ನೆಟ್‌ನಲ್ಲಿ ಮಾರುತ್ತಿದ್ದ 193 ಆಯುರ್ವೇದ ಔಷಧಿಗಳನ್ನು ಪರೀಕ್ಷಿಸಿದ 2008ರ ಅಮೆರಿಕದ ಅಧ್ಯಯನದಲ್ಲಿ ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಲೋಹ ಸೇರಿಸಿ ಮಾಡುವ ರಸೌಷಧಿಗಳಲ್ಲಿ ಆ ಪ್ರಮಾಣ ನೂರಕ್ಕೆ 40. ಬಸುರಿಯರು, ಮಕ್ಕಳು ಇವುಗಳ ಹತ್ತಿರವೂ ಹೋಗಬಾರದು.

ಡಯಾಬಿಟಿಸ್, ಕ್ಯಾನ್ಸರ್ ಗುಣಪಡಿಸುತ್ತೇವೆ ಅಂತ ಜಾಹೀರಾತು ಕೊಡುವುದು 1954ರ ಕಾಯ್ದೆಯ ಪ್ರಕಾರವೇ ಅಪರಾಧ. ಅಂಥ ಬೋರ್ಡು ನೋಡಿದರೆ ಅಲ್ಲಿಗೇ ಆಯ್ಕೆ ಸುಲಭವಾಯಿತು. ಆಪರೇಷನ್ ದಿನ ನಿಗದಿಯಾಗಿದ್ದರೆ ನುಂಗುತ್ತಿರುವ ಎಲ್ಲ ಗುಳಿಗೆ, ಕಷಾಯದ ಹೆಸರನ್ನು ಸರ್ಜನ್‌ಗೆ ಮೊದಲೇ ಕೊಡಿ. ಎರಡು ವಾರ ಮುಂಚೆ ಕೆಲವನ್ನು ನಿಲ್ಲಿಸಲು ಹೇಳುತ್ತಾರೆ.

ಇನ್ಶೂರೆನ್ಸ್ ಇದ್ದವರಿಗೆ: ಆಯುಷ್ ಚಿಕಿತ್ಸೆಯನ್ನೂ ಬೇರೆ ಚಿಕಿತ್ಸೆಯ ಸಮಕ್ಕೆ ನೋಡಬೇಕೆಂದು ವಿಮಾ ಪ್ರಾಧಿಕಾರ 2024ರ ಏಪ್ರಿಲ್ 1ರಿಂದ ಹೇಳಿದೆ. ಆದರೆ ಅಡ್ಮಿಟ್ ಆಗುವ ಮುಂಚೆ ಆ ಆಸ್ಪತ್ರೆ ನಿಮ್ಮ ಪಾಲಿಸಿಗೆ ನಡೆಯುತ್ತದಾ ಎಂದು ಫೋನ್ ಮಾಡಿ ಕೇಳಿ. ಮತ್ತೆ ಯಾವುದೇ ಪದ್ಧತಿಯ ಔಷಧಿಯಿಂದ ಕಣ್ಣು ಹಳದಿಯಾದರೆ, ಮೈ ತುರಿಸಿದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ ಔಷಧಿ ನಿಲ್ಲಿಸಿ ಡಾಕ್ಟರನ್ನು ನೋಡಿ. ಡಬ್ಬಿ ಬಿಸಾಡಬೇಡಿ, ಜೊತೆಗೇ ಒಯ್ಯಿರಿ. ಔಷಧಿಯ ಅಡ್ಡಪರಿಣಾಮ ವರದಿ ಮಾಡಲು ಸರಕಾರದ ಉಚಿತ ಸಹಾಯವಾಣಿ ಇದೆ: 1800-180-3024.